ತೂಗುಪಟ್ಟಿ

ಬಡಗಿಯ ಮಗಳನ್ನು ಮನೆಯಲ್ಲೂ ಬೀದಿಯಲ್ಲೂ ಎಲ್ಲರೂ ಕರೆಯುತ್ತಿದ್ದುದು ಮೊಂಡಿ ಎಂದೇ. ಆ ಹೆಸರಿಟ್ಟವನು ಅಪ್ಪ. ಅದನ್ನು ಅನುಭವಿಸುತ್ತಿದ್ದವನೂ ಅವನೇ. ಅವನ ಬಲಗೈ ನಡುಗಲು ಶುರುವಾದಾಗಿನಿಂದ ಶೆಡ್ಡಿನಲ್ಲಿ ಗರಗಸ ಹಿಡಿದವಳು ಅವಳು. ಆದರೆ ಶೆಡ್ಡಿನ ಮೇಲೆ ವೆಲ್ಡಿಂಗ್ ಮಾಡುವ ಚಿಕ್ಕಪ್ಪನಿಗೂ ಕಣ್ಣಿತ್ತು. "ಮರದ ಗೇಟು ಯಾರಿಗೆ ಬೇಕಣ್ಣಾ? ಇವತ್ತು ಹಾಕಿದ್ರೆ ನಾಳೆ ಮೂತಿ ಜೋತು ಹಾಕ್ಕೊಂಡು ನಿಲ್ಲುತ್ತೆ. ಜಾಗ ನನಗೆ ಬಿಡು" ಎಂದು ದಿನಾ ಅಪ್ಪನ ಕಿವಿ ಊದುತ್ತಿದ್ದ.

ಹಾಳಾದ್ದು, ಮಾತು ಸುಳ್ಳೂ ಅಲ್ಲ. ಬೀದಿಯ ಗೇಟುಗಳೆಲ್ಲ ಅಪ್ಪನ ಕೈಕೆಲಸ. ಒಂದೊಂದೂ ಚಿಲಕದ ಕಡೆ ಕುಸಿದು ನೆಲ ಕೆರೆಯುತ್ತಿತ್ತು. ಮರ ಅಂದಮೇಲೆ ಅಷ್ಟೇ ಎಂದು ಅಪ್ಪ ಮಾತು ತೇಲಿಸಿಬಿಡುತ್ತಿದ್ದ.

ಶಿಶುವಿಹಾರದ ಟೀಚರಮ್ಮ ಹೊಸ ಗೇಟು ಬೇಕೆಂದು ಬಂದ ದಿನ ಅವನು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ: "ಇದನ್ನ ನೀನೇ ಮಾಡು. ಮಕ್ಕಳು ಹತ್ತಿ ಇಳಿದ ಮೇಲೂ ನೆಟ್ಟಗೆ ನಿಂತ್ರೆ ಶೆಡ್ಡು ನಿಂದು. ಜೋತು ಬಿತ್ತೋ, ಚಿಕ್ಕಪ್ಪಂದು. ಆಮೇಲೆ ಅಳಬಾರದು."

"ಅಳೋಳು ಬೇರೆ ಯಾರೋ ಇರಬೇಕು, ನೋಡು" ಎಂದಳು ಮೊಂಡಿ.

ಜಗಳ ಹತ್ತಿದ್ದು ಓರೆ ಪಟ್ಟಿಯ ದೆಸೆಯಿಂದ. ಗೇಟಿನ ಚೌಕಟ್ಟಿಗೆ ಮೂಲೆಯಿಂದ ಮೂಲೆಗೆ ಬಡಿಯುವ ಆ ಪಟ್ಟಿಯನ್ನು ಅವರ ಮನೆಯಲ್ಲಿ ತೂಗುಪಟ್ಟಿ ಎನ್ನುತ್ತಿದ್ದರು. ತಾತನ ಕಾಲದಿಂದಲೂ ಅದು ಕೀಲಿನ ಕಡೆಯ ಮೇಲ್ಮೂಲೆಯಿಂದ ಚಿಲಕದ ಕಡೆಯ ಕೆಳಮೂಲೆಗೆ ಇಳಿಯಬೇಕು, ಗೇಟನ್ನು ಮೇಲಿನಿಂದ ತೂಗಿ ಹಿಡಿಯಬೇಕು. ಮೊಂಡಿ ಪಟ್ಟಿಯ ಬುಡವನ್ನು ಕೀಲಿನ ಕಡೆಯ ಕೆಳಮೂಲೆಯಲ್ಲಿ ಊರಿ, ತುದಿಯನ್ನು ಚಿಲಕದ ಕಡೆಯ ಮೇಲ್ಮೂಲೆಗೆ ಕೊಟ್ಟಳು.

"ತಲೆಗಿಲೆ ಕೆಟ್ಟಿದೆಯೇನೇ? ಉಲ್ಟಾ ಅದು!"

"ಮಗುನ ಕೈ ಹಿಡಿದು ನೇತಾಡಿಸ್ತೀಯೋ, ಸೊಂಟದ ಮೇಲೆ ಕೂರಿಸ್ಕೋತೀಯೋ? ಎಳೆದು ಹಿಡಿದ್ರೆ ಮೊಳೆ ಬಿಟ್ಕೊಳ್ಳುತ್ತೆ ಅಪ್ಪಾ. ಕೆಳಗಿಂದ ಹೊತ್ರೆ ಮರಕ್ಕೆ ಮರ ಒತ್ತಿ ನಿಲ್ಲುತ್ತೆ. ಹೆಸರೇ ತೂಗುಪಟ್ಟಿ, ತೂಗಾಡದೆ ಇನ್ನೇನು ಮಾಡೀತು? ಇದು ಕೆಳಗೆ ಊರಿ ಹೊರೋ ಊರುಪಟ್ಟಿ."

"ನಿಮ್ಮ ತಾತನಿಗಿಂತ ದೊಡ್ಡೋಳಾದೆಯಾ?"

"ತಾತ ಹೋದ್ರು. ಗೇಟು ಮಾಡ್ತಿರೋಳು ನಾನು."

ಬಾಯಿಂದ ಮಾತು ಜಾರಿದ ಮೇಲೆ ಅವಳೇ ನಾಲಿಗೆ ಕಚ್ಚಿಕೊಂಡಳು. ಆದರೆ ಮೊಳೆ ಕೀಳಲಿಲ್ಲ.

ಗೇಟು ನಿಲ್ಲಿಸಿದ ಬೆಳಿಗ್ಗೆ ಚಿಕ್ಕಪ್ಪ ಕರೆಯದೆ ಬಂದ. ಮಕ್ಕಳು ಹೋ ಎಂದು ಗೇಟಿಗೆ ಜೋತುಬಿದ್ದು ಆ ಕಡೆ ಈ ಕಡೆ ತೂಗಿದವು. ಅವು ಇಳಿದ ಮೇಲೆ ಮೊಂಡಿ ಬೆರಳ ತುದಿಯಿಂದ ತಳ್ಳಿದಳು. ಚಿಲಕ ಟಕ್ಕೆಂದು ತನ್ನ ತೂತಿಗೆ ಹೋಗಿ ಕೂತಿತು.

"ಕೀಲು ಗಟ್ಟಿ ಇದೆ, ಅದಕ್ಕೇ" ಎಂದ ಚಿಕ್ಕಪ್ಪ. "ಕಬ್ಬಿಣ ಅಂದ್ರೆ ಸುಮ್ನೇನಾ?"

"ಹೌದೌದು, ಕೀಲಿನ ಪುಣ್ಯ" ಎಂದು ಅಪ್ಪನೂ ತಾಳ ಹಾಕಿದ.

ಮೊಂಡಿಗೆ ಮೈಯೆಲ್ಲ ಉರಿದುಹೋಯಿತು. ಸೀದಾ ಹೋಗಿ ಕೀಲಿನ ಸ್ಕ್ರೂ ಬಿಚ್ಚಿದಳು. ಅಪ್ಪನ ಗೇಟುಗಳ ಹಾಗೆ ಅವಳದ್ದೂ ಮೇಲೂ ಕೆಳಗೂ ಒಂದೇ ಥರ, ಚಿಲಕ ನಟ್ಟನಡುವೆ. ಅದನ್ನೇ ತಲೆಕೆಳಗಾಗಿ ಮಗುಚಿ ಅದೇ ಕಂಬಕ್ಕೆ, ಅದೇ ಕೀಲಿಗೆ ಮತ್ತೆ ಸಿಕ್ಕಿಸಿದಳು. ಓರೆ ಪಟ್ಟಿ ಈಗ ಅಪ್ಪ ಹೇಳಿದ ದಿಕ್ಕಿಗೇ ಇಳಿದಿತ್ತು.

"ಈಗ ಇದು ತೂಗುಪಟ್ಟಿ. ಹತ್ರೋ ಮಕ್ಕಳೇ!"

"ಅಯ್ಯೋ, ಹೊಸ ಗೇಟು ಕಣೇ!" ಎಂದು ಟೀಚರಮ್ಮ ಬಾಯಿ ಬಡಿದುಕೊಂಡರು.

"ಹಾಳಾದ್ರೆ ಇನ್ನೊಂದು ಮಾಡ್ಕೊಡ್ತೀನಿ ಟೀಚರಮ್ಮ. ಇದಂತೂ ಆಗಿಹೋಗ್ಲಿ."

ಮಕ್ಕಳಿಗೆ ಎರಡನೇ ಸಲ ಹೇಳಬೇಕೇ! ನಾಲ್ಕು ಸಲ ತೂಗುವಷ್ಟರಲ್ಲಿ ಕಿರ್ರೆಂದಿತು. ಪಟ್ಟಿಯ ತುದಿಯಲ್ಲಿ ಮೊಳೆಗಳು ಹಲ್ಲು ಕಿರಿದವು. ಗೇಟಿನ ಮೂಲೆ ನೆಲ ಕೆರೆಯಿತು. ಚಿಲಕ ತೂತಿಗಿಂತ ಕೆಳಗೆ ಹೋಗಿ ಕಂಬಕ್ಕೆ ಗುದ್ದಿತು.

ಚಿಕ್ಕಪ್ಪ ಕೆಮ್ಮಿದ. ಅಪ್ಪ ಮೆಲ್ಲಗೆ ಬಂದು ಕುಕ್ಕರಗಾಲಲ್ಲಿ ಕೂತು, ಬಾಯಿಬಿಟ್ಟ ಸಂದಿಯೊಳಗೆ ಬೆರಳಿಟ್ಟ. ಬೆರಳು ಒಳಗೆ ಹೋಯಿತು. ಬಹಳ ಹೊತ್ತು ಅವನು ಅದನ್ನು ಹೊರಗೆ ತೆಗೆಯಲಿಲ್ಲ. ಗೆದ್ದವಳು ಮೊಂಡಿ, ಆದರೂ ಆ ಮುಖ ನೋಡಲು ಅವಳಿಂದ ಆಗಲಿಲ್ಲ. ತಪ್ಪಾಯ್ತು ಎನ್ನೋಣವೆಂದರೆ ತಪ್ಪಾಗಿರಲಿಲ್ಲ.

"ಹಾಗಾದ್ರೆ ಶೆಡ್ಡಿನ ವಿಷಯ..." ಎಂದು ಚಿಕ್ಕಪ್ಪ ರಾಗ ಎಳೆದ.

"ಅವಳದ್ದು. ಕೇಳೋದಿದ್ರೆ ಅವಳನ್ನ ಕೇಳು."

ಅಪ್ಪ ಮೊಣಕಾಲು ಹಿಡಿದು ಎದ್ದು ಬೀದಿಯ ಉದ್ದಕ್ಕೂ ನೋಡಿದ. ಎರಡೂ ಬದಿಯಲ್ಲಿ ಅವನ ಗೇಟುಗಳೇ, ಎಲ್ಲ ಚಿಲಕದ ಕಡೆ ತಲೆ ಬಗ್ಗಿಸಿಕೊಂಡು ನಿಂತಿದ್ದವು.

"ಮೊದಲು ಇದನ್ನ ಸರಿ ಮಾಡು. ಆಮೇಲೆ ನನ್ನ ಗೇಟೆಲ್ಲ ಬಿಚ್ಚಿ ತಲೆಕೆಳಗು ಮಾಡಿ ಹಾಕು" ಎಂದ. "ಕದ್ದುಮುಚ್ಚಿ ಬೇಡ, ಹಗಲಲ್ಲೇ ಮಾಡು, ಎಲ್ಲರೂ ನೋಡ್ಲಿ. ಸ್ಕ್ರೂ ನಾನು ಹಿಡ್ಕೊಂಡು ನಿಲ್ತೀನಿ. ಯಾಕೆ ಅಂತ ಯಾರಾದ್ರೂ ಕೇಳಿದ್ರೆ ನೀನು ಸುಮ್ನಿರು. ಇಷ್ಟು ವರ್ಷ ತಲೆಕೆಳಗಾಗಿತ್ತು, ಈಗ ನೆಟ್ಟಗೆ ಮಾಡ್ತಿದ್ದಾಳೆ ನನ್ನ ಮಗಳು ಅಂತ ನಾನೇ ಹೇಳ್ತೀನಿ."