ಬಾವಿಕಟ್ಟೆಯ ನುಣುಪು ನೆಲ

ಮದ್ದೂರಿನಲ್ಲಿ ನಮ್ಮ ಪಕ್ಕದ ಮನೆಯ ಪಂಕಜಮ್ಮನವರಿಗೆ ಚೊಕ್ಕಟ ಎಂದರೆ ಪ್ರಾಣ. ಬಾವಿಯ ಸುತ್ತಲಿನ ಸಿಮೆಂಟು ನೆಲ ತರಿತರಿಯಾಗಿದೆ, ಕೊಳೆ ಕೂರುತ್ತದೆ ಎಂದು ಗಾರೆ ಕೆಲಸದ ಅಕ್ರಂ ಪಾಷಾನಿಂದ ಅದನ್ನು ಸಾಣೆಕಲ್ಲಿನಲ್ಲಿ ಉಜ್ಜಿಸಿದರು. ಅವನು ಬೇಡವೆಂದರೂ ಕೇಳಲಿಲ್ಲ. ನೆಲ ಕನ್ನಡಿಯಂತಾಯಿತು. ನಾವೆಲ್ಲ ಹೋಗಿ ಹೊಗಳಿ ಬಂದೆವು, ನಮಗಾದರೂ ಬುದ್ಧಿ ಬೇಡವೇ!

ಆ ಮನೆಯಲ್ಲಿ ಮಡಿನೀರನ್ನು ಹೊರಗಿನವರು ಸೇದುವಂತಿಲ್ಲ. ಸೊಸೆ ರಂಗನಾಯಕಿಯೇ ಮಿಂದು, ಒದ್ದೆ ಸೀರೆಯಲ್ಲೇ ಸೇದಬೇಕು. ಅವಳಿಗೆ ಆಗ ಏಳು ತಿಂಗಳು. ಒಂದು ಬೆಳಿಗ್ಗೆ ಕಾಲು ಜಾರಿತು. ರಾಟೆಯ ಕಂಬ ಕೈಗೆ ಸಿಕ್ಕಿದ್ದರಿಂದ ಬಚಾವಾದಳು. ಅಂದಿನಿಂದ ಪಾಪ, ಗೋಡೆ ಹಿಡಿದುಕೊಂಡೇ ಬಾವಿಗೆ ಬರುತ್ತಿದ್ದಳು.

ಪಂಕಜಮ್ಮ ಗೋಣಿಚೀಲ ಹಾಸಿದರು. ಅದಕ್ಕೆ ಪಾಚಿ ಹಿಡಿದು ಇನ್ನಷ್ಟು ಜಾರಿತು. ಕೊನೆಗೆ ನಾನೇ ಪಾಷಾನನ್ನು ಕರೆತಂದೆ.

“ನೆಲಕ್ಕೆ ಉಳೀಲಿ ಕಚ್ಚು ಹಾಕ್ಬೇಕು ಅಮ್ಮಾವ್ರೇ. ಕಾಲಿಗೆ ಹಿಡಿತ ಬತ್ತದೆ,” ಎಂದ.

“ಚೆನ್ನಾಯ್ತು! ಅಷ್ಟು ನುಣ್ಣಗೆ ಮಾಡ್ಸಿ ಈಗ ಕೆಡಿಸೋದೇ? ಕಚ್ಚಲ್ಲಿ ಕೊಳೆ ಕೂರಲ್ವೇನೋ?” ಎಂದು ಪಂಕಜಮ್ಮ ರೇಗಿದರು.

“ನಿಮ್ಮ ಒರಳು ಸವೆದು ನುಣ್ಣಗಾದ್ರೆ ಏನ್ ಮಾಡ್ತೀರಿ?”

“ಕಚ್ಚು ಹಾಕಿಸ್ತೀನಿ. ಇಲ್ದಿದ್ರೆ ಅಕ್ಕಿ ಜಾರುತ್ತೆ.”

“ಅಕ್ಕಿ ಜಾರ್ಬಾರ್ದು, ಸೊಸೆ ಜಾರ್ಬೋದಾ ಅಮ್ಮಾವ್ರೇ?”

ಪಂಕಜಮ್ಮನವರ ಕಣ್ಣು ತುಂಬಿತು. “ನನ್ನ ಹಟದಿಂದಲೇ ಆಗಿದ್ದು ಸರಸಮ್ಮ,” ಎಂದು ನನ್ನ ಕೈ ಹಿಡಿದರು. “ಹಾಕಪ್ಪ ಪಾಷಾ.”

ಎರಡು ದಿನ ಪಾಷಾ ಕೂತು ನೆಲಕ್ಕೆಲ್ಲ ಸಣ್ಣಗೆ ಕಚ್ಚು ಹೊಡೆದ. ಬೆರಳು ಬೆರಳು ಅಂತರಕ್ಕೆ ಗೀರು ಹಾಕಿದ.

“ಗೀರು ಮೋರಿ ಕಡೆಗೇ ಇಳೀಬೇಕು, ಆಗ ನೀರು ನಿಲ್ಲಾಕಿಲ್ಲ. ವಾರಕ್ಕೊಂದ್ಸಲ ತೆಂಗಿನ ನಾರಲ್ಲಿ ಉಜ್ಜಿ. ಪಾಚಿ ಕಟ್ಟಾಕಿಲ್ಲ ಬುಡಿ.”

ಪಂಕಜಮ್ಮ ನಾಲ್ಕು ಕೊಡ ನೀರು ಸುರಿದರು. ಸೊಸೆಯನ್ನು ತಡೆದು, ಮೊದಲು ತಾವೇ ಬರಿಗಾಲಲ್ಲಿ ಅತ್ತಿಂದಿತ್ತ ನಡೆದರು. ಆಮೇಲೆ ಕೈ ಚಾಚಿದರು.

“ಜಾರಲ್ಲ ಕಣೇ, ಬಾ.”

ರಂಗನಾಯಕಿ ಗೋಡೆ ಬಿಟ್ಟು ಬಂದಳು.

ಅಕ್ಕತಂಗಿಯರೇ, ಇವತ್ತೇ ನಿಮ್ಮ ಬಾವಿಕಟ್ಟೆಗೆ, ಬಚ್ಚಲಿಗೆ ಒಂದು ಕೊಡ ನೀರು ಸುರಿದು ಹುಷಾರಾಗಿ ಅಂಗಾಲು ಒತ್ತಿ ನೋಡಿ. ಜಾರಿದರೆ ಗಾರೆಯವನಿಗೆ ಹೇಳಿ ಕಳಿಸಿ. ನಮ್ಮ ರಂಗನಾಯಕಿಗೆ ಕಂಬ ಸಿಕ್ಕಿತು. ಎಲ್ಲರ ಮನೆಯಲ್ಲೂ ಕೈಗೆಟಕುವಷ್ಟು ಹತ್ತಿರ ಕಂಬ ಇರುವುದಿಲ್ಲ.