ಬುಟ್ಟಿಬೆಟ್ಟದ ಕಾಯಿದೆ

ಹೆಡತಲೆಯ ಪುಟ್ಟಬಸವಯ್ಯನವರ ಜಗಲಿಯ ಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ಒಂದು ಯುದ್ಧ ನಡೆಯುತ್ತಿತ್ತು. ಊರಿಗೆ ಎಸ್‌ಟಿಡಿ ಬೂತು ಬಂದ ವರ್ಷ ಶುರುವಾದ ಯುದ್ಧ ಅದು. ಲಿಂಗಪೂಜೆ ಮುಗಿಸಿ, ಉಂಡು, ಹಣೆಯ ವಿಭೂತಿ ಇನ್ನೂ ಮಾಸದಿರುವಾಗಲೇ ಅವರು ಹೆಂಡತಿಯ ತಮ್ಮ ಸೋಮಶೇಖರನ ಸೈನ್ಯವನ್ನು ಕೊಲ್ಲಲು ಕೂರುತ್ತಿದ್ದರು. ಸಾಯುತ್ತಿದ್ದವರು ಬೆರಳುದ್ದದ ಮಣ್ಣಿನ ಗೊಂಬೆಗಳು. ಸಂಜೆಗೆ ಸತ್ತವರೂ ಉಳಿದವರೂ ಒಂದೇ ಡಬ್ಬಿಯಲ್ಲಿ ಮಲಗುತ್ತಿದ್ದರು.

ಆಟ ತಂದವನು ಸೋಮಶೇಖರ. ನಂಜನಗೂಡಿನಲ್ಲಿ ಅವನದು ದಿನಸಿ ಅಂಗಡಿ. ಪೊಟ್ಟಣ ಕಟ್ಟಲು ತಂದ ರದ್ದಿಯಲ್ಲಿ ಒಂದು ಇಂಗ್ಲಿಷ್ ಹಾಳೆ ಸಿಕ್ಕಿತು. ಮೀಸೆ ಬಂದ ಗಂಡಸರು ಮೇಜಿನ ಮೇಲೆ ಪುಟಾಣಿ ಸೈನಿಕರನ್ನು ನಿಲ್ಲಿಸಿ ಕಾದಾಡುವ ಚಿತ್ರ, ಕೆಳಗೆ ಆಟದ ಕ್ರಮ. ಸೈನ್ಯ ಎಷ್ಟು ನಡೆಯಬೇಕು, ಹೇಗೆ ಹೊಡೆಯಬೇಕು ಎಂಬುದೆಲ್ಲ ಇತ್ತು. ಎತ್ತರದಲ್ಲಿ ನಿಂತವನಿಗೆ ಏನು ಲಾಭ ಎಂಬಲ್ಲಿಗೆ ಹಾಳೆ ಹರಿದಿತ್ತು. ಮಿಕ್ಕರ್ಧ ಯಾರ ಮನೆಗೋ ಜೀರಿಗೆ ಹೊತ್ತುಕೊಂಡು ಹೋಗಿತ್ತು.

ಹೋದರೆ ಹೋಗಲಿ ಎಂದು ಭಾವ ಭಾವಮೈದುನ ಸೇರಿ ತಮ್ಮದೇ ಕಾಯಿದೆ ಮಾಡಿಕೊಂಡರು. ಹಳೆಯ ಬಾಗಿಲಿನ ಹಲಗೆ ರಣರಂಗವಾಯಿತು. ಕವುಚಿಟ್ಟ ಬಿದಿರುಬುಟ್ಟಿಯ ಮೇಲೆ ಹಸಿರು ಟವೆಲ್ ಹೊದಿಸಿದರೆ ಬೆಟ್ಟ. ಒಂದು ಸಲಕ್ಕೆ ಒಂದು ಗೇಣು ನಡೆ, ನಾಲ್ಕು ಕವಡೆ ಎಸೆತ. ಎಷ್ಟು ಕವಡೆ ಅಂಗಾತ ಬೀಳುತ್ತವೋ ಎದುರಿನವರಲ್ಲಿ ಅಷ್ಟು ಜನ ಉರುಳಬೇಕು. ಬೆಟ್ಟದ ಮೇಲಿದ್ದವನಿಗೆ ಒಂದು ಕವಡೆ ಹೆಚ್ಚು.

ಆ ಒಂದು ಕವಡೆಯೇ ತಾಪತ್ರಯ ತಂದಿತು. ಬೆನ್ನು ಬಗ್ಗುವುದಿಲ್ಲ ಎಂಬ ನೆಪ ಹೇಳಿ ಪುಟ್ಟಬಸವಯ್ಯನವರು ಬುಟ್ಟಿಯನ್ನು ಸದಾ ತಮ್ಮ ಕಡೆಗೇ ಇಡುತ್ತಿದ್ದರು. ಎರಡೇ ನಡೆಗೆ ಬೆಟ್ಟ ಹತ್ತಿ ಕೂತರೆ ಮುಗಿಯಿತು, ಗೆಲುವು ಅವರದೇ. ಆಷಾಢವಿಡೀ ಸೋತ ಸೋಮಶೇಖರ, ಇದು ಆಟವಲ್ಲ, ಬೆಟ್ಟಕ್ಕೆ ಓಡುವ ಪಂದ್ಯ ಎಂದ. ನೀರು ಯಾವತ್ತಾದರೂ ಮೇಲಕ್ಕೆ ಹರಿದಿದೆಯೇ, ಮೇಲಿದ್ದವನನ್ನು ಕೆಳಗಿನವನು ಗೆದ್ದದ್ದುಂಟೇ ಎಂದರು ಭಾವ. ಮಾತು ಬೆಳೆಯಿತು. ಕಾಯಿದೆ ಸರಿಯಾಗುವವರೆಗೆ ಈ ಜಗಲಿ ಹತ್ತುವುದಿಲ್ಲವೆಂದು ಸೋಮಶೇಖರ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ.

ಗಂಡಸರ ಈ ಜಗಳಕ್ಕೆ ಮೊದಮೊದಲು ನಕ್ಕವಳು ಪುಟ್ಟಬಸವಯ್ಯನವರ ಹೆಂಡತಿ ಚನ್ನಾಜಮ್ಮ. ಗೌರಿಹಬ್ಬ ಹತ್ತಿರವಾದಂತೆ ಅವಳ ನಗು ಇಂಗಿತು. ಅಪ್ಪ ಅಮ್ಮ ಶಿವನ ಪಾದ ಸೇರಿದ ಮೇಲೆ ಅವಳಿಗೆ ತವರೆಂದರೆ ಈ ತಮ್ಮನೊಬ್ಬನೇ. ಬಾಗಿನವನ್ನು ಸರಕಿನ ಆಟೋ ಓಡಿಸುವ ಮಾದುವಿನ ಕೈಲಿ ಕಳಿಸುತ್ತೇನೆಂದು ಅವನು ಹೇಳಿಕಳಿಸಿದ್ದ. ಬೆಲ್ಲದ ಮೂಟೆಯ ಜೊತೆ ಇಳಿಯುವ ಬಾಗಿನವೂ ಒಂದು ಬಾಗಿನವೇನು ಎಂದು ಅವಳು ಒಲೆಯ ಮುಂದೆ ಗೊಣಗಿಕೊಂಡಳು.

ಜೋಳ ಹಾಲುದುಂಬಿದ ಕಾಲ. ಹಕ್ಕಿ ಕಾಯಲು ಹೊಲದಲ್ಲಿ ಅಟ್ಟಣೆ ಕಟ್ಟಿದ್ದರು. ಬೆಳಿಗ್ಗೆ ಶಿವಾ ಎಂದು ಅಟ್ಟಣೆ ಹತ್ತಿದ ಚನ್ನಾಜಮ್ಮ ಕವಣೆ ಬೀಸಿದಳು. ಹೊಲದ ಆಚೆ ತುದಿಯಿಂದ ಗಿಣಿಗಳ ಹಿಂಡು ಭರ್ರೆಂದು ಎದ್ದಿತು. ಆದರೆ ಎಲ್ಲೋ ಚಿಟಚಿಟ ಸದ್ದು ನಿಲ್ಲಲಿಲ್ಲ. ಬಗ್ಗಿ ಹಲಗೆಯ ಸಂದಿನಲ್ಲಿ ನೋಡಿದರೆ, ಅಟ್ಟಣೆಯ ಬುಡದಲ್ಲೇ ಗುಬ್ಬಿಗಳು ನೆಮ್ಮದಿಯಾಗಿ ತೆನೆ ಕುಕ್ಕುತ್ತಿವೆ. ಕೆಳಗೆ ಬೀಸಲು ಹೋದರೆ ಕವಣೆ ಗೂಟಕ್ಕೆ ಸುತ್ತಿಕೊಂಡಿತು. ಅವಳಿಗೆ ಬುಟ್ಟಿಬೆಟ್ಟ ನೆನಪಾಯಿತು. ಅವಳು ನಕ್ಕ ನಗುವಿಗೆ ಅಟ್ಟಣೆ ಅಲುಗಾಡಿತು.

ಬುತ್ತಿ ತಂದ ಗಂಡನನ್ನು ಅವಳು, ನನ್ನ ಭುಜ ಸೋತಿದೆ, ಸ್ವಲ್ಪ ನೀವು ಹತ್ತಿ ಎಂದು ಮೇಲೆ ಕಳಿಸಿದಳು. ಪುಟ್ಟಬಸವಯ್ಯನವರು ಬೀಸಿದ ಕಲ್ಲು ಮೂಡಲ ಬದು ದಾಟಿ ಬಿತ್ತು.

"ನೋಡ್ದಾ ಚನ್ನಾಜಿ? ಎತ್ತರ ಅಂದ್ರೆ ಇದು ಕಣೆ. ನಿನ್ ತಮ್ಮಂಗೆ ಯೋಳು."

ಅವಳು ಒಂದು ಜೋಳದ ದಂಟು ಮುರಿದುಕೊಂಡು ಅಟ್ಟಣೆಯ ಕೆಳಗೆ ನುಸುಳಿ, ಸಂದಿನಿಂದ ಅವರ ಅಂಗಾಲಿಗೆ ಚುಚ್ಚಿದಳು. ಅವರು ಕುಪ್ಪಳಿಸಿದರು.

"ಈಗ ನಾನೇ ಸೋಮನ ಸೈನ್ಯ. ಎಲ್ಲಿ, ಒಡೀರಿ ನೋಡವ."

ಅವರು ಎಡಕ್ಕೆ ಬಗ್ಗಿದರೆ ಅವಳು ಬಲಕ್ಕೆ, ಬಲಕ್ಕೆ ಬಗ್ಗಿದರೆ ಎಡಕ್ಕೆ. ಕವಣೆ ಗೂಟಕ್ಕೆ ಸುತ್ತಿಕೊಂಡಿತು, ಟವೆಲ್ ಕೆಳಗೆ ಬಿತ್ತು. ಕೊನೆಗೆ ಪುಟ್ಟಬಸವಯ್ಯನವರು ಅಲ್ಲೇ ಕೂತುಬಿಟ್ಟರು. ಆಮೇಲೆ ಮೇಲಿನಿಂದ ಹೊಟ್ಟೆ ಕುಣಿಯುವ ನಗು ಕೇಳಿತು.

"ಬುಡಕ್ಕೆ ಬಂದೋರ್ ಮುಂದೆ ಎತ್ತರದ ಆಟ ನಡೆಯಕಿಲ್ಲ, ಬುಡು."

"ಆ ಮಾತ ನಂಗ್ಯಾಕೆ ಯೋಳೀರಿ? ನಂಜನಗೂಡು ಬಸ್ಸು ಎರಡು ಗಂಟೆಗದೆ."

ಬಸ್ಸಿಳಿದ ಅವರು ಮೊದಲು ನಂಜುಂಡೇಶ್ವರನಿಗೆ ಕೈಮುಗಿದರು, ಆಮೇಲೆ ಅಂಗಡಿಗೆ ಹೋದರು. ಬೇಡದಿದ್ದರೂ ಕಾಲು ಕೇಜಿ ಜೀರಿಗೆ ಕೇಳಿದರು. ಸೋಮಶೇಖರ ತಲೆ ಎತ್ತದೆ ತೂಗುತ್ತಿದ್ದ.

"ಸೋಮ, ದೂರದೋನ್ ಮೇಲಾದ್ರೆ ಬೆಟ್ಟದೋನ್ಗೆ ಒಂದು ಕವಡೆ ಎಚ್ಚು. ಬುಡ ಮುಟ್ಟುದೋನ್ ಮೇಲೆ ಇಲ್ಲ. ಅವನೇ ಮೊದ್ಲು ಎಸೀಲಿ."

ಸೋಮಶೇಖರ ಪೊಟ್ಟಣಕ್ಕೆ ದಾರ ಸುತ್ತಿದ. "ಬುಟ್ಟಿ ಎಲ್ಲಿರ್ತದೆ ಭಾವ?"

"ಮಧ್ಯದಲ್ಲಿ."

ಅವನು ದಾರ ಕಿತ್ತು ಗಂಟು ಹಾಕಿ, ಪೊಟ್ಟಣವನ್ನು ಭಾವನ ಕೈಗಿಟ್ಟ. "ಅಕ್ಕ ಅಬ್ಬಕ್ಕೆ ಏನ್ ಅಡುಗೆ ಮಾಡ್ತಾಳೆ?"

ಗೌರಿಹಬ್ಬದ ದಿನ ಬಾಗಿನದ ಮೊರ ಹಿಡಿದು ಅವನು ಜಗಲಿ ಹತ್ತಿದಾಗ ಚನ್ನಾಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಒಲೆಯ ಹೊಗೆ ಎಂದಳು. ಒಬ್ಬಟ್ಟಿನ ಊಟವಾದ ಮೇಲೆ ಹಲಗೆ ಬಂತು. ಬುಟ್ಟಿ ನಟ್ಟನಡುವೆ ಕೂತಿತು. ಎರಡೂ ಸೈನ್ಯ ಬೆಟ್ಟದ ಹತ್ತಿರ ಬಂದು ನಿಂತವು. ಹತ್ತಿದರೆ ಬುಡದಲ್ಲಿದ್ದವನದೇ ಮೊದಲ ಎಸೆತ, ಹಾಗಾಗಿ ಈಗ ಮೊದಲು ಹತ್ತಲು ಇಬ್ಬರಿಗೂ ಅಂಜಿಕೆ.

"ಅತ್ತಿ ಭಾವ."

"ನೀನೇ ಅತ್ಲಾ. ಅಬ್ಬಕ್ಕೆ ಬಂದ ನೆಂಟ ನೀನು."

ಕವಡೆಗಳು ಅಂಗೈಯಲ್ಲೇ ಬೆಚ್ಚಗಾದವು. ನೋಡಿ ನೋಡಿ ಸಾಕಾದ ಚನ್ನಾಜಮ್ಮ ಒಳಗೆ ಹೋಗಿ, ಗೌರಿಯ ಮುಡಿಯಿಂದ ಒಂದು ಸೇವಂತಿಗೆ ತಂದು ಬುಟ್ಟಿಯ ನೆತ್ತಿಯ ಮೇಲಿಟ್ಟಳು.

"ಯಾರ್ಗೂ ಬ್ಯಾಡ್ವಾದ್ರೆ ತಾಯಿ ಕೂತ್ಕತಳೆ, ಬುಡಿ."

ಇಬ್ಬರೂ ಬುಟ್ಟಿಗೆ ಕೈಮುಗಿದರು. ಆಮೇಲೆ ಬೆಟ್ಟದ ಬುಡದಲ್ಲೇ, ಸಮನೆಲದಲ್ಲಿ, ಎದುರುಬದುರು ನಿಂತು ಹೊಡೆದಾಡತೊಡಗಿದರು. ಸೋಮಶೇಖರನಿಗೆ ಕೊನೆಯ ಬಸ್ಸು ಹೋದದ್ದೇ ತಿಳಿಯಲಿಲ್ಲ. ತಿಳಿದಿದ್ದ ಚನ್ನಾಜಮ್ಮ ಏನೂ ಹೇಳದೆ ನಡುಮನೆಯಲ್ಲಿ ಅವನಿಗೊಂದು ಚಾಪೆ ಬಿಡಿಸಿಟ್ಟಳು.