ಬರೀ ಗ್ಯಾಸು ಅಂದುಕೊಂಡದ್ದು

ಮಧ್ಯಾಹ್ನದ ಊಟ ಮುಗಿದು ಸ್ವಲ್ಪ ಹೊತ್ತಾಗುವಷ್ಟರಲ್ಲಿ ಪುಟ್ಟಿಯ ಹೊಟ್ಟೆ ಉಬ್ಬಲು ಶುರುವಾಗುತ್ತಿತ್ತು. ಬೆಳಿಗ್ಗೆ ಸಡಿಲವಾಗಿ ಕಟ್ಟಿದ ಏಪ್ರನ್ನಿನ ದಾರ ಸಂಜೆಗೆ ಸೊಂಟದಲ್ಲಿ ಬರೆ ಮೂಡಿಸುತ್ತಿತ್ತು. ಒಳಗೆ ಗುಡುಗುಡು ಸದ್ದು ಬೇರೆ. ಕುರ್ಚಿಯಲ್ಲಿ ಕಣ್ಣು ಮುಚ್ಚಿ ಒರಗಿದ ಹೆಂಗಸರು ಒಂದು ಕಣ್ಣು ತೆರೆದು ನೋಡುವಂಥ ಸದ್ದು.

ಮೂವತ್ತೈದು ದಾಟಿದರೂ ಅವಳು ಎಲ್ಲರಿಗೂ ಪುಟ್ಟಿಯೇ. ಅಕ್ಕನ ಬ್ಯೂಟಿ ಪಾರ್ಲರಿನಲ್ಲಿ ದಾರದಿಂದ ಹುಬ್ಬು ತಿದ್ದುವ ಕೆಲಸ ಅವಳದು. ಎರಡು ಕುರ್ಚಿ, ಗೋಡೆಯುದ್ದ ಕನ್ನಡಿ, ತಲೆ ತೊಳೆಯಲು ಒಂದು ಬೇಸಿನ್ನು, ಇಷ್ಟೇ ಅಂಗಡಿ. ಆದರೆ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಉಳಿದದ್ದನ್ನು ಬೆರಳಿಗೆ ಸುತ್ತಿಕೊಂಡು ಪುಟ್ಟಿ ಬಾಗಿದಳೆಂದರೆ ಒಂದು ಕೂದಲೂ ಹೆಚ್ಚುಕಮ್ಮಿ ಆಗುತ್ತಿರಲಿಲ್ಲ. ದಾರಿಯಲ್ಲಿ ಸಿಗುವ ಬೇರೆ ಪಾರ್ಲರುಗಳನ್ನು ಬಿಟ್ಟು ಜನ ಅವಳ ಕೈಗಾಗಿಯೇ ಬರುತ್ತಿದ್ದರು.

ಒಂದು ಸಂಜೆ ಹೊಸ ಗಿರಾಕಿಯೊಬ್ಬಳು ಅವಳ ಹೊಟ್ಟೆ ನೋಡಿ, "ಎಷ್ಟು ತಿಂಗಳು?" ಎಂದು ಅಕ್ಕರೆಯಿಂದ ಕೇಳಿದಳು. ಪುಟ್ಟಿಗೆ ಮದುವೆಯೇ ಆಗಿರಲಿಲ್ಲ.

"ಅಯ್ಯೋ, ಅದು ಗ್ಯಾಸು ಕಣ್ರೀ. ಏಳನೇ ತಿಂಗಳ ಗ್ಯಾಸು!" ಎಂದು ಪಕ್ಕದ ಕುರ್ಚಿಯ ಬಳಿಯಿಂದ ಅಕ್ಕ ಕೂಗಿದಳು.

ಅಂಗಡಿಗೆ ಅಂಗಡಿಯೇ ನಕ್ಕಿತು. ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಪುಟ್ಟಿಯೂ ನಕ್ಕಳು. ಆಮೇಲೆ ಪರದೆಯ ಹಿಂದೆ ಹೋಗಿ ಟವೆಲಿನಲ್ಲಿ ಮುಖ ಒರೆಸಿಕೊಂಡಳು.

ಅಕ್ಕ ಕೆಟ್ಟವಳಲ್ಲ. ಅಪ್ಪ ಅಮ್ಮ ಹೋದ ಮೇಲೆ ತಂಗಿಯನ್ನು ಮಗಳಂತೆ ಸಾಕಿದವಳು. ಆದರೆ ತನಗೆ ಗೊತ್ತಿಲ್ಲದ ವಿಷಯ ಒಂದಿದೆ ಎಂದು ಅವಳು ಯಾವತ್ತೂ ಒಪ್ಪಿದವಳಲ್ಲ. ತಂಗಿಯ ಹೊಟ್ಟೆಗೂ ಅವಳೇ ಡಾಕ್ಟರು. ಮೂಲೆಯ ಮೆಡಿಕಲ್ ಶಾಪಿನಿಂದ ಅಸಿಡಿಟಿ ಮಾತ್ರೆ ತಂದು, "ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಹಾಕ್ಕೋ, ಸರಿಹೋಗುತ್ತೆ" ಎಂದಿದ್ದಳು. ಹಾಗೆ ಶುರುವಾದ ಮಾತ್ರೆ ವರ್ಷಗಳು ಕಳೆದರೂ ನಿಂತಿರಲಿಲ್ಲ. ಹೊಟ್ಟೆಯೂ ಸರಿಹೋಗಿರಲಿಲ್ಲ.

ಈಗೀಗ ಭೇದಿಯೂ ಜೊತೆಗೂಡಿತ್ತು. ಮನೆಯಲ್ಲಿ ಇದ್ದದ್ದು ಒಂದೇ ಟಾಯ್ಲೆಟ್ಟು. ಭಾವ ಹೊರಗೆ ನಿಂತು ಬಾಗಿಲು ತಟ್ಟುತ್ತಿದ್ದ. "ಏನಮ್ಮಾ, ಒಳಗೇ ಸಂಸಾರ ಹೂಡಿದ್ಯಾ? ನನಗೂ ಡ್ಯೂಟಿಗೆ ಹೊತ್ತಾಯ್ತು!"

ಉಂಡರೆ ತಾನೇ ತೊಂದರೆ ಎಂದು ಪುಟ್ಟಿ ಊಟವನ್ನೇ ಕಡಿಮೆ ಮಾಡಿದಳು. ಭುಜದ ಮೂಳೆ ಎದ್ದು ಕಾಣತೊಡಗಿತು. ಆಗ ಗಿರಾಕಿಗಳು ಕೇಳಿದ್ದೇನು ಗೊತ್ತೇ? "ಎಷ್ಟು ಚೆನ್ನಾಗಿ ಸಣ್ಣ ಆಗಿದ್ದೀಯಾ! ಗುಟ್ಟೇನು ನಮಗೂ ಹೇಳೇ."

ಅವಳ ಹತ್ತಿರ ಹುಬ್ಬು ತಿದ್ದಿಸಿಕೊಳ್ಳುವವರಲ್ಲಿ ಆಸ್ಪತ್ರೆಯ ನರ್ಸಮ್ಮ ಒಬ್ಬರು. ಒಂದು ದಿನ ದಾರ ಅವರ ಹಣೆಯ ಮೇಲೆ ಎರಡೆರಡು ಸಲ ಜಾರಿತು. ನರ್ಸಮ್ಮ ಪುಟ್ಟಿಯ ಕೈ ಹಿಡಿದು ನೋಡಿದರು.

"ಏನಾಯ್ತು ಬೆರಳಿಗೆ?"

"ಜೋಮು ಹಿಡಿದ ಹಾಗಾಗುತ್ತೆ ನರ್ಸಮ್ಮ. ಪಾದದಲ್ಲೂ ಅಷ್ಟೇ. ದಾರ ಸಿಕ್ಕಿದ್ಯೋ ಇಲ್ವೋ ಗೊತ್ತಾಗಲ್ಲ."

"ತೂಕ ಇಳಿದಿದೆ, ಮುಖ ಬಿಳಿಚಿಕೊಂಡಿದೆ. ಹೊಟ್ಟೆ ಹೇಗಿದೆ?"

ಪುಟ್ಟಿ ದನಿ ತಗ್ಗಿಸಿ ಎಲ್ಲ ಹೇಳಿದಳು. ಚಿಕ್ಕವಳಿದ್ದಾಗ ಕರುಳು ಕಟ್ಟಿಕೊಂಡು ಆಪರೇಷನ್ ಆಗಿತ್ತೆಂಬುದನ್ನೂ ಹೇಳಿದಳು.

"ಗ್ಯಾಸು ಎಲ್ಲರಿಗೂ ಆಗುತ್ತೆ, ಅದಕ್ಕೆ ಹೆದರಬೇಕಾಗಿಲ್ಲ. ಆದ್ರೆ ಗ್ಯಾಸಿನ ಜೊತೆ ಭೇದಿ, ತೂಕ ಇಳಿಯೋದು, ಕೈಕಾಲು ಜೋಮು, ಇಷ್ಟೆಲ್ಲ ಇದ್ರೆ ಸುಮ್ನೆ ಕೂರಬಾರದು. ಹೊಟ್ಟೆ ಡಾಕ್ಟರ ಹತ್ರ ತೋರಿಸು. ಈ ವಾರವೇ ಬಾ."

ಅಕ್ಕನ ಕಿವಿ ಬಲು ಚುರುಕು. "ನರ್ಸಮ್ಮ, ನಿಮ್ಮ ಕಣ್ಣಿಗೆ ಎಲ್ಲರೂ ಪೇಷೆಂಟೇ! ಗ್ಯಾಸಿಗೆಲ್ಲ ಆಸ್ಪತ್ರೆಗೆ ಹೋದ್ರೆ ಊರಿಗೂರೇ ಕ್ಯೂ ನಿಲ್ಬೇಕಾಗುತ್ತೆ. ಮದುವೆ ಸೀಸನ್ನು ಮುಗೀಲಿ, ಆಮೇಲೆ ನೋಡೋಣ."

ಪುಟ್ಟಿ ಅಕ್ಕನ ಮುಖ ನೋಡಿದಳು. ನರ್ಸಮ್ಮನ ಮುಖ ನೋಡಲಿಲ್ಲ. "ಆಮೇಲೆ ಬರ್ತೀನಿ" ಎಂದಳು.

ಆ ಸೀಸನ್ನಿನಲ್ಲೇ ಆಗಬಾರದ್ದು ಆಯಿತು. ಮದುವೆಯ ಹಿಂದಿನ ದಿನ ಮದುಮಗಳೊಬ್ಬಳು ಬಂದಿದ್ದಳು. ಹುಬ್ಬಿನ ಅಂಚಿನ ಉದ್ದ ಕೂದಲನ್ನು ಪುಟ್ಟಿ ಸಣ್ಣ ಕತ್ತರಿಯಿಂದ ಸಮ ಮಾಡುತ್ತಿದ್ದಳು. ಬೆರಳಿಗೆ ಕತ್ತರಿಯ ಹಿಡಿತವೇ ತಿಳಿಯಲಿಲ್ಲ. ತುದಿ ಜಾರಿ ರೆಪ್ಪೆಯ ಮೇಲಿನ ಚರ್ಮ ಸೀಳಿತು. ಮದುಮಗಳು ಚೀರಿದಳು. ಬಿಳಿ ಟವೆಲಿನ ಮೇಲೆ ರಕ್ತ. ಅವಳ ತಾಯಿ ಬಾಯಿಗೆ ಬಂದಂತೆ ಬೈದಳು.

ಪುಟ್ಟಿ ಹತ್ತಿ ಒತ್ತಿ ಹಿಡಿದಳು. ಅಕ್ಕ ಎಲ್ಲರೆದುರಿಗೇ ಅವಳ ಕೈಯಿಂದ ಕತ್ತರಿ ಕಿತ್ತುಕೊಂಡಳು.

"ನಿನ್ನ ಜ್ಞಾನ ಎಲ್ಲಿರುತ್ತೆ? ಇನ್ನು ಮೇಲೆ ನೀನು ಮುಖ ಮುಟ್ಟಬೇಡ. ಕೂದಲು ಗುಡಿಸ್ಕೊಂಡು ಇರು."

ಪುಟ್ಟಿ ಪೊರಕೆ ಹಿಡಿದಳು. ಕನ್ನಡಿಯಲ್ಲಿ ಎಲ್ಲರೂ ತನ್ನನ್ನೇ ನೋಡುವುದು ಕಾಣುತ್ತಿತ್ತು. ಅಷ್ಟು ಹೊತ್ತೂ ಹೊಟ್ಟೆ ಗುಡುಗುಟ್ಟುತ್ತಲೇ ಇತ್ತು.

ಮಾರನೇ ದಿನ ಅವಳು ಯಾರನ್ನೂ ಕೇಳದೆ ನರ್ಸಮ್ಮನ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಹೊಟ್ಟೆಯ ಹಳೆಯ ಗಾಯದ ಗುರುತನ್ನು ಒತ್ತಿ ನೋಡಿದರು, ಯಾವ ಮಾತ್ರೆ ಎಷ್ಟು ಕಾಲದಿಂದ ಎಂದು ಕೆದಕಿ ಕೇಳಿದರು, ಸ್ಕ್ಯಾನಿಂಗಿಗೂ ರಕ್ತ ಪರೀಕ್ಷೆಗೂ ಬರೆದರು. ಜೊತೆಗೆ, ಕರುಳಲ್ಲಿ ಹುಟ್ಟುವ ಗ್ಯಾಸನ್ನು ಅಳೆಯಲು ಉಸಿರಿನ ಪರೀಕ್ಷೆ ಎಂದು ಒಂದು. ಅದಕ್ಕಾಗಿ ಹಿಂದಿನ ದಿನ ಸಪ್ಪೆ ಊಟ ಮಾಡಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಿತ್ತು. ಒಂದು ಲೋಟ ಸಿಹಿ ನೀರು ಕುಡಿಸಿ, ಸ್ವಲ್ಪ ಸ್ವಲ್ಪ ಹೊತ್ತಿಗೆ ಒಂದು ಕೊಳವೆಗೆ ಊದಿಸಿದರು. ಸೂಜಿಯಿಲ್ಲ, ನೋವಿಲ್ಲ.

ವಿಷಯ ತಿಳಿದು ಫಲಿತಾಂಶದ ದಿನ ಅಕ್ಕನೂ ಬಂದಳು. ತಂಗಿಗೆ ಏನೂ ಇಲ್ಲ ಎಂದು ಡಾಕ್ಟರ ಬಾಯಿಂದಲೇ ಕೇಳಿಸುವುದು ಅವಳ ಉದ್ದೇಶ.

"ದೊಡ್ಡ ಕರುಳಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ಇರುತ್ವೆ. ಅಲ್ಲಿ ಇರ್ಬೇಕಾದ್ದೇ" ಎಂದರು ಡಾಕ್ಟರಮ್ಮ. "ಸಣ್ಣ ಕರುಳಲ್ಲಿ ಮಾತ್ರ ತೀರ ಕಮ್ಮಿ ಇರ್ಬೇಕು. ಇವರಿಗೆ ಆಪರೇಷನ್ ಆದ ಕಡೆ ಕರುಳು ಅಂಟಿಕೊಂಡು ಊಟ ಸರಾಗವಾಗಿ ಮುಂದೆ ಹೋಗ್ತಿಲ್ಲ. ನಿಂತ ಊಟದಲ್ಲಿ ಬ್ಯಾಕ್ಟೀರಿಯಾ ಮಿತಿಮೀರಿ ಬೆಳೆದಿವೆ. ಇವರು ಉಂಡಿದ್ದನ್ನ ಮೊದಲು ಅವೇ ತಿಂತಿವೆ. ಅದಕ್ಕೇ ಹೊಟ್ಟೆ ಉಬ್ಬರ, ಭೇದಿ. ನರಗಳಿಗೆ ಬೇಕಾದ ಬಿ-12 ವಿಟಮಿನ್ನೂ ಅವುಗಳ ಪಾಲಾಗಿದೆ."

"ನಮ್ಮದು ಮನೆ ಊಟ ಡಾಕ್ಟರೇ. ಗಲೀಜು ತಿನ್ನೋರಲ್ಲ ನಾವು."

"ಗಲೀಜಿಂದ ಬರೋ ಕಾಯಿಲೆ ಅಲ್ಲಮ್ಮ ಇದು. ಒಬ್ಬರಿಂದ ಒಬ್ಬರಿಗೆ ಅಂಟೋದೂ ಇಲ್ಲ. ಸಕ್ಕರೆ ಕಾಯಿಲೆ ಇರೋರಿಗೆ, ಹೊಟ್ಟೆ ಆಪರೇಷನ್ ಆದೋರಿಗೆ ಬರಬಹುದು. ಇನ್ನೊಂದು ಮಾತು. ಹೊಟ್ಟೆಯ ಆಮ್ಲ ಬ್ಯಾಕ್ಟೀರಿಯಾನ ತಡೆಯುತ್ತೆ. ಆಮ್ಲ ಕಮ್ಮಿ ಮಾಡೋ ಮಾತ್ರೇನ ವರ್ಷಗಟ್ಟಲೆ ನುಂಗಿದ್ರೆ ಆ ತಡೆಯೂ ಸಡಿಲ ಆಗುತ್ತೆ. ಇದನ್ನ ಯಾರು ಬರೆದುಕೊಟ್ಟಿದ್ದು?"

ಅಕ್ಕ ಗೋಡೆಯ ಕಡೆ ತಿರುಗಿದಳು. "ಮೆಡಿಕಲ್ ಶಾಪಿಂದ ತಂದದ್ದು" ಎಂದಷ್ಟೇ ಹೇಳಿದಳು ಪುಟ್ಟಿ, ಅವಳನ್ನು ಹಿಡಿದುಕೊಡಲಿಲ್ಲ.

ಆಂಟಿಬಯೋಟಿಕ್ ಮಾತ್ರೆ ಶುರುವಾಯಿತು. ಬಿ-12 ಇಂಜೆಕ್ಷನ್ ಶುರುವಾಯಿತು. ಅಸಿಡಿಟಿ ಮಾತ್ರೆಯನ್ನು ಡಾಕ್ಟರಮ್ಮ ನಿಧಾನವಾಗಿ ಬಿಡಿಸಿದರು. ಉಪವಾಸ ಬೇಡವೆಂದರು. ಉಬ್ಬರ ಜಾಸ್ತಿ ಮಾಡುವ ಪದಾರ್ಥವನ್ನು ಸ್ವಲ್ಪ ಕಾಲ ಮಾತ್ರ ದೂರವಿಟ್ಟು, ಎರಡು ಊಟದ ನಡುವೆ ಬಾಯಾಡಿಸದೆ ಇರಲು ಹೇಳಿದರು. ಮಾತ್ರೆ ಮುಗಿಯುವ ಹೊತ್ತಿಗೆ ಹೊಟ್ಟೆ ಇಳಿಯಿತು. ಬಹುಕಾಲದ ಮೇಲೆ ಪುಟ್ಟಿ ಹೊಟ್ಟೆ ತುಂಬ ಉಂಡು ನೆಮ್ಮದಿಯಾಗಿ ಕುಳಿತಳು.

ಕೆಲವು ತಿಂಗಳಿಗೆ ಅದು ಮತ್ತೆ ಬಂತು. ಕಾರಣ ಒಳಗೇ ಇದ್ದದ್ದರಿಂದ ಹೀಗಾಗಬಹುದೆಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಭಾವ ಉಪಕಾರ ಮಾಡಲು ಹೋಗಿ ಮೆಡಿಕಲ್ ಶಾಪಿನಿಂದ ಅದೇ ಆಂಟಿಬಯೋಟಿಕ್ ಹಿಡಿದು ಬಂದ. ಅಕ್ಕ ಅದನ್ನು ಕಿತ್ತುಕೊಂಡಳು.

"ನಾನು ಡಾಕ್ಟರಾಗಿದ್ದು ಸಾಲ್ದು ಅಂತ ಈಗ ನೀವು ಶುರು ಮಾಡ್ಕೊಂಡ್ರಾ? ವಾಪಸ್ ಕೊಟ್ಟು ಬನ್ನಿ. ಅಂಗಡಿ ಮುಚ್ಚಿ ನಾನೇ ಅವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

ಹೋದರು. ಹೊಟ್ಟೆಗೆ ಮತ್ತೆ ಔಷಧಿ ಸಿಕ್ಕಿತು. ಪಾದದ ಜೋಮು ಎಷ್ಟೋ ಕಡಿಮೆಯಾಗಿತ್ತು. ಪುಟ್ಟಿ ಬಲಗೈ ಮುಂದೆ ಚಾಚಿದಳು.

"ಇದು ಯಾವಾಗ ಸರಿಹೋಗುತ್ತೆ ಡಾಕ್ಟರೇ?"

ಡಾಕ್ಟರಮ್ಮ ಬೆರಳ ತುದಿಗಳನ್ನು ಒಂದೊಂದಾಗಿ ಒತ್ತಿ ನೋಡಿದರು. "ಸ್ವಲ್ಪ ಸುಧಾರಿಸಿದೆ. ಪೂರ್ತಿ ವಾಪಸ್ ಬರುತ್ತೆ ಅಂತ ನಾನು ಸುಳ್ಳು ಹೇಳಲ್ಲ. ನರಕ್ಕೆ ಬಹಳ ಕಾಲ ಏಟು ಬಿದ್ದಿದೆ. ಬೇಗ ಬಂದಿದ್ರೆ ಇಷ್ಟಾಗ್ತಿರಲಿಲ್ಲ."

ದಾರಿಯುದ್ದಕ್ಕೂ ಅಕ್ಕ ಅತ್ತಳು. ಅಂಗಡಿಯ ಬೀಗ ತೆಗೆಯುವಾಗ, "ತಪ್ಪಾಯ್ತು ಕಣೇ" ಎಂದಳು.

"ನೀನು ತಪ್ಪಾಯ್ತು ಅಂದ್ರೆ ನನ್ನ ಬೆರಳಿಗೆ ಜೀವ ಬರಲ್ಲ ಅಕ್ಕ" ಎಂದಳು ಪುಟ್ಟಿ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅಕ್ಕನಿಗೆ ಸಹಿಸಲು ಸುಲಭವಾಗುತ್ತಿತ್ತೇನೋ.

ಈಗ ಹುಬ್ಬು ತಿದ್ದುವುದು ಅಕ್ಕನೇ. ಪುಟ್ಟಿ ಬೇಸಿನ್ನಿನ ಹತ್ತಿರ ನಿಂತು ಗಿರಾಕಿಗಳ ತಲೆ ತೊಳೆಯುತ್ತಾಳೆ. ನೀರಿನ ಬಿಸಿ ಬೆರಳಿಗೆ ತಿಳಿಯದು. ಮೊದಲು ಮೊಣಕೈ ಒಡ್ಡಿ ನೋಡಿ, ಆಮೇಲೆ ತಲೆಗೆ ಬಿಡುತ್ತಾಳೆ. ಗೊತ್ತಿಲ್ಲದವರು, "ಇದೇನೇ ಹೊಸ ಸ್ಟೈಲು?" ಎಂದು ನಗುತ್ತಾರೆ. ಅಕ್ಕ ನಗುವುದಿಲ್ಲ. ಯಾರಾದರೂ ಹೊಟ್ಟೆ ನೀವಿಕೊಂಡು "ಗ್ಯಾಸು" ಎಂದರೆ ಸಾಕು, ಕೈಯಲ್ಲಿದ್ದ ಕೆಲಸ ನಿಲ್ಲಿಸಿ, "ಎಷ್ಟು ದಿನದಿಂದ? ತೂಕ ಇಳಿದಿದ್ಯಾ? ಡಾಕ್ಟರಿಗೆ ತೋರಿಸಿದ್ರಾ?" ಎಂದು ಕೇಳುತ್ತಾಳೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮ್ಮನ್ನೂ ನಾವು ಅದನ್ನೇ ಕೇಳುತ್ತಿದ್ದೇವೆ. ಉಬ್ಬರ, ಭೇದಿ ವಾರಗಟ್ಟಲೆ ಬಿಡದಿದ್ದರೆ, ತಿಂದರೂ ಮೈ ಇಳಿಯುತ್ತಿದ್ದರೆ, ಕೈಕಾಲು ಜೋಮು ಹಿಡಿಯುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ. ಹಳೆಯ ಆಪರೇಷನ್ನು, ನುಂಗುತ್ತಿರುವ ಮಾತ್ರೆ ಯಾವುದನ್ನೂ ಮುಚ್ಚಿಡಬೇಡಿ. ಉಸಿರಿನ ಪರೀಕ್ಷೆ ಎಲ್ಲ ಕಡೆ ಸಿಗಲಿಕ್ಕಿಲ್ಲ. ಅದಿಲ್ಲದಿದ್ದರೂ ಡಾಕ್ಟರು ದಾರಿ ತೋರಿಸುತ್ತಾರೆ. ಆಂಟಿಬಯೋಟಿಕ್ ಅನ್ನು ನೀವೇ ಕೊಂಡು ನುಂಗಬೇಡಿ, ಡಾಕ್ಟರು ಕೊಟ್ಟದ್ದನ್ನು ಅರ್ಧಕ್ಕೆ ಬಿಡಲೂಬೇಡಿ. ಕಾಯಿಲೆ ಮರಳಿ ಬಂದರೆ ನಾಚಿಕೊಳ್ಳದೆ ಮರಳಿ ಹೋಗಿ.

ನಿಮ್ಮ ಮನೆಯಲ್ಲೇ ಯಾರಾದರೂ ಹೊಟ್ಟೆ ಹಿಡಿದುಕೊಂಡು ಓಡಾಡುತ್ತಿದ್ದರೆ, ದಯವಿಟ್ಟು ನಗಬೇಡಿ. ಈ ವಾರವೇ ಜೊತೆಯಲ್ಲಿ ಹೊರಡಿ.